ಇಲಾಖಾ ವಿಚಾರಣೆಯಲ್ಲಿ ಸಾಕ್ಷಿಗೆ ಪ್ರಶ್ನೆ ಕೇಳುವ ಹಕ್ಕು ನನಗಿಲ್ವಾ?

ಪ್ರಶ್ನೆ: ನಾನು ತಾಲ್ಲೂಕು ಮಟ್ಟದ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕ. ಪ್ರಮಾಣಪತ್ರ ಮಾಡಿಸಿಕೊಡಲು ಇಬ್ಬರು ಅರ್ಜಿದಾರರಿಂದ ಹಣ ಪಡೆದೆ ಎಂದು ನನ್ನ ಮೇಲೆ ಇಲಾಖಾ ವಿಚಾರಣೆ ನಡೆಯುತ್ತಿದೆ. ನಾನು ಹಣ ಪಡೆದಿಲ್ಲ. ದೂರು ಬಂದ ಹೊಸದರಲ್ಲಿ ಒಬ್ಬ ಅಧಿಕಾರಿ ಬಂದು ಆ ಇಬ್ಬರದ್ದೂ ನನ್ನ ಒಬ್ಬ ಸಹೋದ್ಯೋಗಿಯದ್ದೂ ಹೇಳಿಕೆ ಬರೆದುಕೊಂಡು ಹೋಗಿದ್ದರು. ಆಗ ನಾನು ಅಲ್ಲಿರಲಿಲ್ಲ. ಈಗ ವಿಚಾರಣೆಗೆ ಒಬ್ಬ ಅರ್ಜಿದಾರರು ಮಾತ್ರ ಬಂದು, 'ಹಿಂದೆ ಕೊಟ್ಟ ಹೇಳಿಕೆ ನನ್ನದೇ' ಎಂದು ಹೇಳಿ ಹೋದರು. ಆ ಹೇಳಿಕೆಯ ಪ್ರತಿಯನ್ನೇ ನನಗೆ ಕೊಟ್ಟಿಲ್ಲ. ಪ್ರಶ್ನೆ ಕೇಳಲು ಅವಕಾಶ ಬೇಕೆಂದಾಗ ವಿಚಾರಣಾಧಿಕಾರಿಗಳು, 'ಇದೇನು ಕೋರ್ಟಾ? ಹೇಳೋದನ್ನ ಬರೆದು ಕೊಡಿ' ಎಂದರು. ಉಳಿದ ಇಬ್ಬರ ಹೇಳಿಕೆ ಕಡತದಲ್ಲಿದೆ, ಅವರನ್ನು ಕರೆಸುವ ಅಗತ್ಯವಿಲ್ಲ ಎನ್ನುತ್ತಿದ್ದಾರೆ. ನನಗೆ ಪಾಟಿ ಸವಾಲಿನ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವ ಹಕ್ಕಿದೆಯೇ? ವಕೀಲರನ್ನು ಇಟ್ಟುಕೊಳ್ಳಬಹುದೇ? ಜಾಸ್ತಿ ಒತ್ತಾಯಿಸಿದರೆ ಸಾಹೇಬರಿಗೆ ಕೋಪ ಬಂದು ವರದಿ ನನ್ನ ವಿರುದ್ಧ ಹೋಗಬಹುದು ಎಂಬ ಭಯವೂ ಇದೆ.

ಉತ್ತರ: ಹಕ್ಕು ಇದೆ. ಅದರಲ್ಲಿ ಅನುಮಾನ ಬೇಡ. ಆದರೆ ನೀವು ಅದನ್ನು ಇಲ್ಲಿಯವರೆಗೆ ಬಾಯಲ್ಲಿ ಮಾತ್ರ ಕೇಳಿದ್ದೀರಿ. ನನಗೆ ಚಿಂತೆ ಇರುವುದು ಅಲ್ಲೇ. ಮುಂದಿನ ದಿನಾಂಕಕ್ಕೆ ಮೊದಲು ಅದನ್ನು ಕಾಗದದಲ್ಲಿ ಕೇಳಬೇಕು. ಏಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

'ಇದೇನು ಕೋರ್ಟಾ?' ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಇಲಾಖಾ ವಿಚಾರಣೆಗೆ ಸಾಕ್ಷ್ಯ ಕಾನೂನು ಅಕ್ಷರಶಃ ಅನ್ವಯಿಸುವುದಿಲ್ಲ. ಕೋರ್ಟಿನಲ್ಲಾದರೆ ಮುಖ್ಯ ವಿಚಾರಣೆ, ಪಾಟಿ ಸವಾಲು, ಮರು ವಿಚಾರಣೆ ಎಂಬ ಕ್ರಮವನ್ನು ಕಾನೂನೇ ಹೇಳುತ್ತದೆ. ಮೊದಲು ಅದು 1872ರ ಸಾಕ್ಷ್ಯ ಅಧಿನಿಯಮದ 137 ಮತ್ತು 138ನೇ ಕಲಂಗಳಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 142 ಮತ್ತು 143ನೇ ಕಲಂಗಳಲ್ಲಿದೆ. ನಿಮ್ಮ ವಿಚಾರಣಾಧಿಕಾರಿ ಈ ಕಲಂಗಳಿಗೆ ಕಟ್ಟುಬಿದ್ದವರಲ್ಲ, ನಿಜ. ಆದರೆ ಅವರು ಸಹಜ ನ್ಯಾಯದ ತತ್ವಗಳಿಗೆ ಕಟ್ಟುಬಿದ್ದವರು. ಸಂವಿಧಾನದ 311ನೇ ವಿಧಿಯ 2ನೇ ಖಂಡದ ಪ್ರಕಾರ, ಆರೋಪ ಏನೆಂದು ತಿಳಿಸಿ, ಅಹವಾಲು ಹೇಳಿಕೊಳ್ಳಲು ಸರಿಯಾದ ಅವಕಾಶ ಕೊಡದೆ ಸರ್ಕಾರಿ ನೌಕರನನ್ನು ವಜಾ ಮಾಡುವಂತಿಲ್ಲ, ಹುದ್ದೆಯಿಂದ ಕೆಳಗಿಳಿಸುವಂತಿಲ್ಲ. ಕರ್ನಾಟಕದಲ್ಲಿ ದೊಡ್ಡ ದಂಡನೆಯ ವಿಚಾರಣೆ ಹೇಗೆ ನಡೆಯಬೇಕು ಎಂಬುದು 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ 11ನೇ ನಿಯಮದಲ್ಲಿದೆ. ಇಲಾಖೆಯ ಸಾಕ್ಷಿಗಳನ್ನು ಮಂಡನಾಧಿಕಾರಿ (ಇಲಾಖೆಯ ಪರವಾಗಿ ಪ್ರಕರಣ ಮಂಡಿಸುವವರು) ವಿಚಾರಿಸಬೇಕು, ಆಪಾದಿತ ನೌಕರ ಅವರಿಗೆ ಪಾಟಿ ಸವಾಲು ಹಾಕಬಹುದು ಎಂಬುದು ಅದರ ಕ್ರಮ. ಆ ನಿಯಮದ ಪ್ರತಿ ನಿಮ್ಮ ಕಚೇರಿಯಲ್ಲೇ ಇರುತ್ತದೆ. ಒಮ್ಮೆ ತೆರೆದು ಓದಿ.

ಸುಪ್ರೀಂ ಕೋರ್ಟ್ ಇದನ್ನು 1957ರಲ್ಲೇ ಸ್ಪಷ್ಟವಾಗಿ ಹೇಳಿದೆ. ಭಾರತ ಒಕ್ಕೂಟ ವಿರುದ್ಧ ಟಿ.ಆರ್. ವರ್ಮಾ ಪ್ರಕರಣ ಅದು. ನೌಕರನಿಗೆ ತನ್ನ ಸಾಕ್ಷ್ಯ ಕೊಡಲು ಅವಕಾಶ ಬೇಕು. ಎದುರು ಪಕ್ಷದ ಸಾಕ್ಷ್ಯವನ್ನು ಅವನ ಮುಂದೆಯೇ ದಾಖಲಿಸಬೇಕು. ಆ ಸಾಕ್ಷಿಗಳಿಗೆ ಪಾಟಿ ಸವಾಲು ಹಾಕಲು ಬಿಡಬೇಕು. ವಿವರಣೆ ಕೊಡಲು ಅವಕಾಶ ಸಿಗದ ಯಾವುದನ್ನೂ ಅವನ ವಿರುದ್ಧ ಬಳಸಬಾರದು. ಇಷ್ಟೂ ಆ ತೀರ್ಪಿನಲ್ಲಿದೆ. ಈ ತೀರ್ಪನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಆ ಪ್ರಕರಣದಲ್ಲಿ ನೌಕರ ಸೋತರು ಎಂಬುದನ್ನು ಹೆಚ್ಚಿನವರು ಹೇಳುವುದಿಲ್ಲ. ಪಾಟಿ ಸವಾಲಿಗೆ ಅವಕಾಶ ಕೊಡಲಿಲ್ಲ ಎಂಬ ಅವರ ಮಾತನ್ನು ಕೋರ್ಟ್ ನಂಬಲಿಲ್ಲ. ನಾನು ಬರಹದ ಮೇಲೆ ಇಷ್ಟು ಒತ್ತು ಕೊಡುವುದು ಇದಕ್ಕೇ. ಹತ್ತು ವರ್ಷದ ನಂತರ ನ್ಯಾಯಮಂಡಳಿಯ ಮುಂದೆ ನೀವು 'ಕೇಳಿದ್ದೆ, ಕೊಡಲಿಲ್ಲ' ಎಂದರೆ, ಅವರು ಮೊದಲು ನೋಡುವುದು ಆರ್ಡರ್ ಶೀಟನ್ನು, ಅಂದರೆ ವಿಚಾರಣೆಯ ಆಯಾ ದಿನ ನಡೆದದ್ದನ್ನು ಬರೆದಿಡುವ ಹಾಳೆಯನ್ನು. ಅಲ್ಲಿ 'ಪಾಟಿ ಸವಾಲು ಇಲ್ಲ' ಎಂದು ಬರೆದು, ಕೆಳಗೆ ನಿಮ್ಮ ಸಹಿ ಇದ್ದರೆ ಕಥೆ ಮುಗಿದಂತೆ.

ಈಗ ನಿಮ್ಮ ಮೂವರು ಸಾಕ್ಷಿಗಳ ವಿಷಯಕ್ಕೆ ಬರೋಣ. ಮೂವರದ್ದೂ ಒಂದೇ ಸ್ಥಿತಿಯಲ್ಲ.

ಮೊದಲನೆಯವರು ಬಂದು, ಹಳೆಯ ಹೇಳಿಕೆ ನನ್ನದೇ ಎಂದಷ್ಟೇ ಹೇಳಿದರು. ಹೀಗೆ ಮಾಡುವುದೇ ತಪ್ಪು ಎಂದು ನಿಮಗೆ ಯಾರಾದರೂ ಹೇಳಿದ್ದರೆ ಅದು ಸರಿಯಲ್ಲ. ಮೈಸೂರು ರಾಜ್ಯ ವಿರುದ್ಧ ಶಿವಬಸಪ್ಪ ಶಿವಪ್ಪ ಮಾಕಾಪುರ ಎಂಬ, ನಮ್ಮ ರಾಜ್ಯದ ಪೊಲೀಸ್ ಅಧಿಕಾರಿಯೊಬ್ಬರ ಪ್ರಕರಣ ಎಐಆರ್ (ಆಲ್ ಇಂಡಿಯಾ ರಿಪೋರ್ಟರ್) ಎಂಬ ತೀರ್ಪುಗಳ ಸಂಗ್ರಹದ 1963ರ ಸಂಪುಟದಲ್ಲಿದೆ. ಸಾಕ್ಷಿ ಹಿಂದೆ ಹೇಳಿದ್ದನ್ನೆಲ್ಲ ಮತ್ತೆ ಪದಪದವಾಗಿ ಹೇಳಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು. ಆದರೆ ಅದಕ್ಕೆ ಷರತ್ತುಗಳಿವೆ. ಸಾಕ್ಷಿ ಖುದ್ದಾಗಿ ಬರಬೇಕು. ಹಳೆಯ ಹೇಳಿಕೆಯನ್ನು ಅವರ ಮುಂದಿಟ್ಟು ಒಪ್ಪಿಸಬೇಕು. ಅದರ ಪ್ರತಿ ನೌಕರನ ಕೈಗೆ ಸಿಗಬೇಕು. ನಂತರ ಪಾಟಿ ಸವಾಲಿಗೆ ಅವಕಾಶ ಇರಬೇಕು. ನಿಮ್ಮಲ್ಲಿ ಮೊದಲ ಎರಡು ಮಾತ್ರ ಆಗಿವೆ. ಪ್ರತಿಯೂ ಇಲ್ಲ, ಪ್ರಶ್ನೆಯೂ ಇಲ್ಲ. ಹಾಗಾಗಿ ಆ ಸಾಕ್ಷ್ಯ ಅರ್ಧಕ್ಕೇ ನಿಂತಿದೆ. ಪ್ರತಿ ಯಾವಾಗ ಕೊಡಬೇಕು? ಕೇಶೋರಾಮ್ ಕಾಟನ್ ಮಿಲ್ಸ್ ಪ್ರಕರಣದಲ್ಲಿ, ಹೀಗೆ ಹಳೆಯ ಹೇಳಿಕೆ ಬಳಸುವುದಾದರೆ ವಿಚಾರಣೆಗೆ ಕನಿಷ್ಠ ಎರಡು ದಿನ ಮೊದಲು ಕಾರ್ಮಿಕನಿಗೆ ಪ್ರತಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಅದು ಕಾರ್ಖಾನೆಯ ಪ್ರಕರಣವಾದರೂ ಅದರ ತರ್ಕ ನಿಮಗೂ ಹೊಂದುತ್ತದೆ. ಓದಿರದ ಹೇಳಿಕೆಯ ಮೇಲೆ ಯಾರು ತಾನೆ ಪ್ರಶ್ನೆ ಕೇಳಲು ಸಾಧ್ಯ? ಪ್ರಾಥಮಿಕ ತನಿಖೆಯ ಹೇಳಿಕೆಗಳ ಪ್ರತಿ ಕೊಡದೆ ನಡೆಸಿದ ವಿಚಾರಣೆ ನಿಲ್ಲುವುದಿಲ್ಲ ಎಂದು 1998ರಲ್ಲಿ ಉತ್ತರ ಪ್ರದೇಶ ರಾಜ್ಯ ವಿರುದ್ಧ ಶತ್ರುಘ್ನ ಲಾಲ್ ಪ್ರಕರಣದಲ್ಲೂ ತೀರ್ಮಾನವಾಗಿದೆ.

ಬಾರದೇ ಉಳಿದ ಅರ್ಜಿದಾರರ ಹೇಳಿಕೆ ಇನ್ನೂ ದುರ್ಬಲ. ಪ್ರಾಥಮಿಕ ತನಿಖೆ ನಡೆಸುವುದು ಆರೋಪ ಹೊರಿಸಲು ಆಧಾರ ಇದೆಯೇ ಎಂದು ನೋಡಲಿಕ್ಕೆ. ಅಲ್ಲಿ ನಿಮ್ಮ ಬೆನ್ನ ಹಿಂದೆ ಬರೆದ ಕಾಗದ ಕಡತದಲ್ಲಿದ್ದ ಮಾತ್ರಕ್ಕೆ ಸಾಕ್ಷ್ಯ ಆಗುವುದಿಲ್ಲ. 1999ರ ಹರ್ದ್ವಾರಿ ಲಾಲ್ ಪ್ರಕರಣದಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್‌ನನ್ನು ವಜಾ ಮಾಡಲಾಗಿತ್ತು. ದೂರು ಕೊಟ್ಟವರನ್ನೇ ವಿಚಾರಣೆಯಲ್ಲಿ ಸಾಕ್ಷಿಯಾಗಿ ಕರೆಸಿರಲಿಲ್ಲ. ಸುಪ್ರೀಂ ಕೋರ್ಟ್ ಆ ವಜಾ ಆದೇಶವನ್ನು ರದ್ದು ಮಾಡಿತು. 2009ರ ರೂಪ್ ಸಿಂಗ್ ನೇಗಿ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಗದವನ್ನು ಸುಮ್ನೆ ಹಾಜರುಪಡಿಸಿದರೆ ಸಾಲದು, ಅದರಲ್ಲಿರುವ ವಿಷಯವನ್ನು ಸಾಕ್ಷಿಯ ಮೂಲಕ ರುಜುವಾತು ಮಾಡಬೇಕು ಎಂದಿತು.

ಸಹೋದ್ಯೋಗಿಯ ವಿಷಯದಲ್ಲಿ ಸ್ವಲ್ಪ ಯೋಚಿಸಿ. ಅವರ ಹೇಳಿಕೆಯಲ್ಲಿ ಏನಿದೆ ಎಂದು ನಿಮಗಿನ್ನೂ ಗೊತ್ತಿಲ್ಲ. 'ಹಣ ಕೊಟ್ಟಿದ್ದನ್ನು ನೋಡಿದೆ' ಎಂದಿದ್ದರೆ ಅವರನ್ನು ಪ್ರಶ್ನಿಸಲೇಬೇಕು. 'ಹಾಗಂತ ಕೇಳಿದ್ದೇನೆ' ಎಂದಷ್ಟೇ ಇದ್ದರೆ, ಇಲಾಖೆ ಅವರನ್ನು ಕರೆಸದೇ ಇರುವುದೇ ನಿಮಗೆ ಒಳ್ಳೆಯದಿರಬಹುದು. ಹಾಗಾಗಿ ಅವರನ್ನು ಕರೆಸಿ ಎಂದು ನೀವಾಗಿ ಬೇಡಿಕೊಳ್ಳಬೇಡಿ. 'ಕರೆಸದಿದ್ದರೆ ಅವರ ಹೇಳಿಕೆಯನ್ನು ನನ್ನ ವಿರುದ್ಧ ಬಳಸಬಾರದು' ಎಂದು ಬರೆಯಿರಿ. ಆರೋಪ ಸಾಬೀತು ಮಾಡುವ ಹೊಣೆ ಇಲಾಖೆಯದ್ದು, ನಿಮ್ಮದಲ್ಲ.

ಈ ಹಕ್ಕಿಗೆ ಮಿತಿಗಳೂ ಇವೆ. ಅವನ್ನು ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದಂತಾಗುತ್ತದೆ. 1977ರ ಹರಿಯಾಣ ರಾಜ್ಯ ವಿರುದ್ಧ ರತ್ತನ್ ಸಿಂಗ್ ಪ್ರಕರಣ ನೋಡಿ. ಹಣ ಪಡೆದು ಟಿಕೆಟ್ ಕೊಡದ ಆರೋಪ ಒಬ್ಬ ಬಸ್ ಕಂಡಕ್ಟರ್ ಮೇಲಿತ್ತು. ಪ್ರಯಾಣಿಕರ ಹೇಳಿಕೆಯನ್ನೇ ಪಡೆದಿಲ್ಲ ಎಂಬುದು ಅವರ ವಾದ. ತಪಾಸಣೆಗೆ ಬಸ್ ಹತ್ತಿದ್ದ ಇನ್‌ಸ್ಪೆಕ್ಟರ್ ಬಂದು ಸಾಕ್ಷ್ಯ ನುಡಿದಿದ್ದರು, ಅಷ್ಟು ಸಾಕು ಎಂದಿತು ಕೋರ್ಟ್. ಅಂದರೆ ಎಲ್ಲರನ್ನೂ ಕರೆಸಲೇಬೇಕು ಎಂಬ ನಿಯಮವಿಲ್ಲ. ಬಂದವರ ಮಾತಿನಲ್ಲೇ ಆರೋಪಕ್ಕೆ ಒಂದಿಷ್ಟು ಆಧಾರ ಸಿಕ್ಕರೆ ವರದಿ ನಿಲ್ಲುತ್ತದೆ. ನಿಮ್ಮ ಮೊದಲ ಸಾಕ್ಷಿಯ ಪಾಟಿ ಸವಾಲು ಅಷ್ಟು ಮುಖ್ಯವಾಗುವುದು ಇದಕ್ಕೇ. 1973ರ ಹೀರಾನಾಥ್ ಮಿಶ್ರಾ ಪ್ರಕರಣದಲ್ಲಿ, ರಾಂಚಿಯ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿಯರ ಹಾಸ್ಟೆಲ್‌ಗೆ ರಾತ್ರಿ ನುಗ್ಗಿದ ಹುಡುಗರಿಗೆ, ದೂರು ಕೊಟ್ಟ ಹುಡುಗಿಯರನ್ನು ಎದುರಾಎದುರು ಪ್ರಶ್ನಿಸಲು ಬಿಡದಿದ್ದುದು ಸರಿಯೇ ಎಂದು ತೀರ್ಪಾಯಿತು. ಸಾಕ್ಷಿಗೆ ನಿಜವಾದ ಅಪಾಯವಿದ್ದಾಗ ಈ ಹಕ್ಕು ಹಿಂದೆ ಸರಿಯುತ್ತದೆ. ಅದು ನ್ಯಾಯವೇ ಎಂದು ನಾನೂ ಒಪ್ಪುತ್ತೇನೆ. ನಿಮ್ಮ ಪ್ರಕರಣದಲ್ಲಿ ಅಂಥದ್ದೇನೂ ಇಲ್ಲ.

ಇನ್ನೊಂದು ಮಿತಿ ನಿಮಗೆ ನೇರವಾಗಿ ತಟ್ಟಬಹುದು. 1984ರಲ್ಲಿ ಕೆ.ಎಲ್. ತ್ರಿಪಾಠಿ ಎಂಬ ಬ್ಯಾಂಕ್ ಅಧಿಕಾರಿಯ ಪ್ರಕರಣದಲ್ಲಿ ಪಾಟಿ ಸವಾಲು ನಡೆದಿರಲಿಲ್ಲ. ಆದರೂ ಅವರು ಸೋತರು. ಮೂಲ ಸಂಗತಿಗಳನ್ನೇ ಅವರು ಅಲ್ಲಗಳೆದಿರಲಿಲ್ಲ, ಹಾಗಾಗಿ ಪಾಟಿ ಸವಾಲು ಇಲ್ಲದ್ದರಿಂದ ನಷ್ಟವೇನೂ ಆಗಿಲ್ಲ ಎಂದಿತು ಕೋರ್ಟ್. 1996ರ ಎಸ್.ಕೆ. ಶರ್ಮಾ ತೀರ್ಪಿನ ನಂತರ, ಕ್ರಮದಲ್ಲಿ ಲೋಪವಾಗಿದೆ ಎಂದರೆ 'ಅದರಿಂದ ನಿಮಗೆ ಏನು ತೊಂದರೆ ಆಯ್ತು?' ಎಂದೇ ಕೇಳುತ್ತಾರೆ. ಹಾಗಾಗಿ 'ನನಗೆ ಪಾಟಿ ಸವಾಲು ಬೇಕು' ಎಂದಷ್ಟೇ ಬರೆದರೆ ಸಾಲದು. ಸಾಕ್ಷಿಯ ಯಾವ ಮಾತನ್ನು ನೀವು ಸುಳ್ಳೆನ್ನುತ್ತೀರಿ, ಯಾವ ವಿಷಯದ ಮೇಲೆ ಪ್ರಶ್ನೆ ಕೇಳಬೇಕಿದೆ ಎಂದು ಎರಡು ಸಾಲು ಸೇರಿಸಿ. ಪ್ರಶ್ನೆಗಳನ್ನೇ ಬರೆದು ಕೊಡಬೇಡಿ. ಕೊಟ್ಟರೆ ಅವು ಸಾಕ್ಷಿಯ ಕಿವಿಗೆ ಮೊದಲೇ ಬೀಳುತ್ತವೆ. ವಿಷಯ ಹೇಳಿದರೆ ಸಾಕು.

ಅವಕಾಶ ಸಿಕ್ಕಿತು ಅಂತಿಟ್ಟುಕೊಳ್ಳೋಣ. ಆಗ ಏನು ಕೇಳುವುದು? ನೀವು ಈ ಪ್ರಶ್ನೆ ಕೇಳಿಲ್ಲ. ಆದರೆ ಹಕ್ಕು ಸಿಕ್ಕ ಮೇಲೆ ಅದನ್ನು ಕೆಡಿಸಿಕೊಂಡವರನ್ನು ನಾನು ಜಾಸ್ತಿ ನೋಡಿದ್ದೇನೆ. ಅದಕ್ಕೇ ಹೇಳುತ್ತಿದ್ದೇನೆ.

ಮೊದಲನೆಯದು, ಜಗಳ ಬೇಡ. ಸಾಕ್ಷಿ ನಿಮ್ಮ ಮೇಲೆ ಸುಳ್ಳು ಹೇಳುತ್ತಿದ್ದಾರೆ ಎಂಬ ಸಂಕಟ ಅರ್ಥವಾಗುತ್ತದೆ. ಆದರೆ 'ಯಾಕ್ರೀ ಸುಳ್ಳು ಹೇಳ್ತೀರಿ?' ಎಂದು ಶುರು ಮಾಡಿದರೆ ಅವರು ಹಣ ಕೊಟ್ಟ ಕಥೆಯನ್ನು ಇನ್ನಷ್ಟು ಬಣ್ಣ ಕಟ್ಟಿ ಮತ್ತೆ ಹೇಳುತ್ತಾರೆ. ಅದೂ ದಾಖಲಾಗುತ್ತದೆ. 'ಯಾಕೆ', 'ಹೇಗೆ' ಎಂಬ ಪ್ರಶ್ನೆಗಳನ್ನು ದೂರವಿಡಿ. ಹೌದು ಅಥವಾ ಇಲ್ಲ ಎಂದು ಉತ್ತರಿಸಬೇಕಾದ ಸಣ್ಣ ಸಣ್ಣ ಪ್ರಶ್ನೆ ಕೇಳಿ. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಲು ಪಾಟಿ ಸವಾಲಿನಲ್ಲಿ ಅವಕಾಶವಿದೆ. ನಮ್ಮ ಕೋರ್ಟುಗಳಲ್ಲಿ ಕನ್ನಡದ ಸಾಕ್ಷ್ಯ ಬರೆದುಕೊಳ್ಳುವ ರೀತಿಯೇ ಹಾಗಿದೆ: 'ನಾನು ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆದಿದ್ದೆ ಎಂದರೆ ಸರಿ', 'ನಾನು ಯಾರಿಗೂ ಹಣ ಕೊಟ್ಟಿಲ್ಲ ಎಂದರೆ ಸರಿಯಲ್ಲ'. ನಿಮ್ಮ ಪ್ರಶ್ನೆಗಳನ್ನೂ ಆ ಧಾಟಿಯಲ್ಲೇ ಬರೆದಿಟ್ಟುಕೊಳ್ಳಿ.

ನಿಮ್ಮ ಪ್ರಕರಣದಲ್ಲಿ ಬಲ ಇರುವುದು ಕಚೇರಿಯ ದಾಖಲೆಗಳಲ್ಲಿ. ಅರ್ಜಿ ಬಂದ ದಿನ ಯಾವುದು? ನಿಮ್ಮ ಮೇಜಿಗೆ ಬಂದದ್ದು ಯಾವಾಗ, ಹೋದದ್ದು ಯಾವಾಗ? ಪ್ರಮಾಣಪತ್ರಕ್ಕೆ ಸಹಿ ಹಾಕುವ ಅಧಿಕಾರ ಯಾರದ್ದು? ಹಣ ಕೊಟ್ಟೆ ಎನ್ನುವ ದಿನ ನೀವು ಹಾಜರಿದ್ದಿರಾ, ರಜೆಯಲ್ಲಿದ್ದಿರಾ? ಆ ಹೊತ್ತಿಗೆ ಪ್ರಮಾಣಪತ್ರ ಆಗಲೇ ಸಿದ್ಧವಾಗಿತ್ತಾ? ಹಾಜರಿ ಪುಸ್ತಕ, ಸ್ವೀಕೃತಿ ವಹಿ, ಕಡತದ ಚಲನವಲನ ವಹಿ, ಇವುಗಳ ಪ್ರತಿಗಳನ್ನು ವಿಚಾರಣಾಧಿಕಾರಿಗಳ ಮೂಲಕವೇ ಕೇಳಿ ಪಡೆಯಿರಿ. ಪ್ರಮಾಣಪತ್ರ ವಿಲೇವಾರಿಯಾದ ಮೇಲಿನ ದಿನಾಂಕವನ್ನು ಸಾಕ್ಷಿ ಹೇಳಿದ್ದರೆ, ಅದೊಂದೇ ಸಂಗತಿ ಹತ್ತು ವಾದಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಆಮೇಲೆ ಹೇಳಿಕೆಯ ಹುಟ್ಟಿನ ಬಗ್ಗೆ ಕೇಳಿ. ಅದನ್ನು ಬರೆದವರು ಯಾರು? ಸಾಕ್ಷಿಯ ಕೈಬರಹವೇ, ಬೇರೆಯವರದ್ದೇ? ಬರೆದ ಮೇಲೆ ಓದಿ ಹೇಳಿದರೇ? ಅದೇ ದಿನ, ಅದೇ ಜಾಗದಲ್ಲಿ ಸಹಿ ಹಾಕಿದರೇ? ಇಬ್ಬರು ಅರ್ಜಿದಾರರ ಹೇಳಿಕೆಗಳಲ್ಲಿ ಒಂದೇ ವಾಕ್ಯ, ಒಂದೇ ಪದಗಳು ಬಂದಿದ್ದರೆ ಆ ಸಾಲುಗಳನ್ನು ಗುರುತು ಹಾಕಿಟ್ಟುಕೊಳ್ಳಿ. ಬೇರೆ ಬೇರೆ ಊರಿನ ಇಬ್ಬರು ಒಂದೇ ಥರ ಮಾತಾಡುವುದು ಅಪರೂಪ, ಅಲ್ವಾ?

ಕೊನೆಯಲ್ಲಿ ನಿಮ್ಮ ಪಕ್ಷವನ್ನು ಸಾಕ್ಷಿಯ ಮುಂದೆ ಇಡಲೇಬೇಕು. 'ನೀವು ನನಗೆ ಹಣ ಕೊಟ್ಟಿಲ್ಲ', 'ಬೇರೆಯವರು ಹೇಳಿಕೊಟ್ಟಿದ್ದಕ್ಕೆ ಹೀಗೆ ಹೇಳುತ್ತಿದ್ದೀರಿ', ಹೀಗೆ. ಅವರು ಸರಿಯಲ್ಲ ಎಂದೇ ಹೇಳುತ್ತಾರೆ, ಹೇಳಲಿ. ಆದರೂ ಕೇಳಬೇಕು. ಮುಖ್ಯ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ ಮಾತನ್ನು ಪಾಟಿ ಸವಾಲಿನಲ್ಲಿ ಅಲ್ಲಗಳೆಯದೇ ಬಿಟ್ಟರೆ ಅದನ್ನು ಒಪ್ಪಿಕೊಂಡಂತೆ ಎಂದು ವಾದಿಸಲು ದಾರಿಯಾಗುತ್ತದೆ. ಎಷ್ಟೋ ಜನ ಬೇರೆಲ್ಲ ಕೇಳಿ, ಇದನ್ನೇ ಮರೆತು ಕೂರುತ್ತಾರೆ.

ಟೈಪ್ ಆದ ಸಾಕ್ಷ್ಯವನ್ನು ಓದದೆ ಸಹಿ ಹಾಕಬೇಡಿ. ಸಾಕ್ಷಿ 'ನೆನಪಿಲ್ಲ' ಎಂದದ್ದು ಹಾಳೆಯ ಮೇಲೆ 'ಇರಬಹುದು' ಆಗಿದ್ದರೆ ಅಲ್ಲೇ ತಿದ್ದಿಸಿ. ತಿದ್ದಲು ಒಪ್ಪದಿದ್ದರೆ, ಸಹಿಯ ಪಕ್ಕದಲ್ಲಿ ನಿಮ್ಮ ಆಕ್ಷೇಪವನ್ನು ಒಂದು ಸಾಲು ಬರೆಯಿರಿ. ಮುಖ್ಯವಾದ ಒಂದೆರಡು ಉತ್ತರಗಳನ್ನು ಪ್ರಶ್ನೆ–ಉತ್ತರ ರೂಪದಲ್ಲೇ ದಾಖಲಿಸಿ ಎಂದು ಕೋರಬಹುದು.

ವಕೀಲರ ವಿಷಯ. ಸಾಮಾನ್ಯ ಇಲಾಖಾ ವಿಚಾರಣೆಯಲ್ಲಿ ವಕೀಲರು ನಿಮ್ಮ ಹಕ್ಕಲ್ಲ. ಇನ್ನೊಬ್ಬ ಸರ್ಕಾರಿ ನೌಕರರ ನೆರವು ಪಡೆಯಬಹುದು. ಮಂಡನಾಧಿಕಾರಿಯೇ ವಕೀಲರಾಗಿದ್ದರೆ, ಅಥವಾ ಶಿಸ್ತು ಪ್ರಾಧಿಕಾರ (ನಿಮಗೆ ದಂಡನೆ ವಿಧಿಸುವ ಅಧಿಕಾರ ಇರುವವರು) ಅನುಮತಿ ಕೊಟ್ಟರೆ, ವಕೀಲರನ್ನು ಇಟ್ಟುಕೊಳ್ಳಬಹುದು. ಎದುರಿಗೆ ಕಾನೂನು ಕಲಿತವರನ್ನು ಕೂರಿಸಿ ನೌಕರನಿಗೆ ಮಾತ್ರ ವಕೀಲರನ್ನು ನಿರಾಕರಿಸುವುದು ಅನ್ಯಾಯ ಎಂದು 1983ರಲ್ಲಿ ಬಾಂಬೆ ಬಂದರು ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಮಂಡನಾಧಿಕಾರಿ ಯಾರು ಎಂದು ನೀವು ಬರೆದಿಲ್ಲ. ಅವರು ಕಾನೂನು ಹಿನ್ನೆಲೆಯವರಾಗಿದ್ದರೆ ಇಂದೇ ಅರ್ಜಿ ಹಾಕಿ. ಅಲ್ಲದಿದ್ದರೆ, ಇಂಥ ವಿಚಾರಣೆಗಳನ್ನು ನಡೆಸಿ ಪಳಗಿದ ಹಿರಿಯ ನೌಕರರೊಬ್ಬರನ್ನು ಹುಡುಕಿ. ಕಡತ ಓದಲು ಬರುವ ಒಬ್ಬ ಹಳೆಯ ಸೂಪರಿಂಟೆಂಡೆಂಟ್ ಎಷ್ಟೋ ಸಲ ಹೊಸ ವಕೀಲರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಾರೆ. ಪ್ರಶ್ನೆಗಳನ್ನು ಸಿದ್ಧ ಮಾಡಲು ಹೊರಗಡೆ ವಕೀಲರ ಸಲಹೆ ಪಡೆಯುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಈಗ ನಿಮ್ಮ ಭಯ. ಅದನ್ನು ಹಗುರವಾಗಿ ಕಾಣಲಾರೆ. ದಿನಾ ಅದೇ ಇಲಾಖೆಯಲ್ಲಿ ಕೆಲಸ ಮಾಡಬೇಕು, ಸಂಬಳ ಅಲ್ಲಿಂದಲೇ ಬರಬೇಕು. ಹಾಗಂತ ಸುಮ್ಮನಿದ್ದು ಸಾಹೇಬರ ಪ್ರೀತಿ ಗಳಿಸಿದರೂ, ವರದಿ ಬರೆಯುವಾಗ ಅವರ ಮುಂದಿರುವುದು ಪ್ರಶ್ನೆಗೊಳಗಾಗದ ಮೂರು ಹೇಳಿಕೆಗಳು ಮಾತ್ರ. ಅದನ್ನಿಟ್ಟುಕೊಂಡು ಅವರು ನಿಮ್ಮ ಪರ ಬರೆಯುವುದಾದರೂ ಹೇಗೆ? ವಿನಯದಿಂದ ಬರೆದ ಅರ್ಜಿ ಯಾರನ್ನೂ ಅವಮಾನ ಮಾಡುವುದಿಲ್ಲ. ವಿಚಾರಣಾಧಿಕಾರಿ ಪಕ್ಷಪಾತಿ ಎಂಬ ಮಾತನ್ನು ಮಾತ್ರ ಈ ಅರ್ಜಿಯೊಳಗೆ ಬೆರೆಸಬೇಡಿ. ಅದು ಬೇರೆಯೇ ಆರೋಪ, ಅದಕ್ಕೆ ಬೇರೆಯೇ ಆಧಾರ ಬೇಕು. ಅರ್ಜಿಯನ್ನು ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ವೀಕೃತಿ ಕೊಡದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಶಿಸ್ತು ಪ್ರಾಧಿಕಾರಕ್ಕೂ ಒಂದು ಪ್ರತಿ ಹಾಕಿ. ಭಾಷೆ ಹೀಗಿದ್ದರೆ ಸಾಕು:

'ಇಲಾಖೆಯ 1ನೇ ಸಾಕ್ಷಿಯು ತಮ್ಮ ಮುಂದೆ ಹಾಜರಾಗಿ ತಮ್ಮ ಹಿಂದಿನ ಹೇಳಿಕೆಯನ್ನು ಒಪ್ಪಿಕೊಂಡಿರುತ್ತಾರೆ. ಸದರಿ ಹೇಳಿಕೆಯ ಪ್ರತಿ ನನಗೆ ದೊರೆತಿರುವುದಿಲ್ಲ. ನಾನು ಆ ದಿನ ಪಾಟಿ ಸವಾಲಿಗೆ ಅವಕಾಶ ಕೋರಿದ್ದು, ಅವಕಾಶ ದೊರೆತಿರುವುದಿಲ್ಲ. ಹಣ ಪಡೆದೆನೆಂಬ ಆರೋಪವನ್ನು ನಾನು ಸಂಪೂರ್ಣವಾಗಿ ಅಲ್ಲಗಳೆಯುತ್ತೇನೆ. ಹಣ ಕೊಟ್ಟ ದಿನಾಂಕ ಮತ್ತು ಸ್ಥಳ, ಅರ್ಜಿ ವಿಲೇವಾರಿಯಾದ ದಿನಾಂಕ ಹಾಗೂ ಹೇಳಿಕೆ ದಾಖಲಾದ ಸಂದರ್ಭದ ಬಗ್ಗೆ ಸಾಕ್ಷಿಯನ್ನು ಪ್ರಶ್ನಿಸಬೇಕಾಗಿರುತ್ತದೆ. ಆದ್ದರಿಂದ ಮೂರೂ ಹೇಳಿಕೆಗಳ ಪ್ರತಿಗಳನ್ನು ಒದಗಿಸಿ, 1ನೇ ಸಾಕ್ಷಿಯನ್ನು ಪಾಟಿ ಸವಾಲಿಗಾಗಿ ಮತ್ತೆ ಕರೆಸಬೇಕೆಂದೂ, ವಿಚಾರಣೆಗೆ ಹಾಜರುಪಡಿಸದ ವ್ಯಕ್ತಿಗಳ ಹೇಳಿಕೆಗಳನ್ನು ನನ್ನ ವಿರುದ್ಧ ಪರಿಗಣಿಸಬಾರದೆಂದೂ ಕೋರುತ್ತೇನೆ.'

ಸಾಕ್ಷಿ ಮತ್ತೆ ಬಂದ ದಿನ ನೀವು ತಯಾರಾಗಿರಲೇಬೇಕು. ಆಗ ಪುನಃ ಸಮಯ ಕೇಳಿದರೆ ಇಲ್ಲಿಯವರೆಗೆ ಕಟ್ಟಿಕೊಂಡ ಬಲವೆಲ್ಲ ಹೋಗುತ್ತದೆ. ವಿಚಾರಣೆಯನ್ನು ಎಳೆಯಲು ಈ ಹಕ್ಕನ್ನು ಬಳಸುವವರೂ ಇದ್ದಾರೆ. ಅಧಿಕಾರಿಗಳು ಸಿಡಿಮಿಡಿಗೊಳ್ಳಲು ಅದೂ ಒಂದು ಕಾರಣ.

ಅರ್ಜಿ ತಿರಸ್ಕರಿಸಿದರೆ ಆ ಆದೇಶದ ಪ್ರತಿ ಪಡೆಯಿರಿ. ವಿಚಾರಣೆಯಿಂದ ಎದ್ದು ಹೋಗಬೇಡಿ. ಹೋದರೆ ಏಕಪಕ್ಷೀಯವಾಗಿ ಮುಗಿಸುತ್ತಾರೆ. ನಿಮ್ಮ ಲಿಖಿತ ಹೇಳಿಕೆಯಲ್ಲಿ ಆಕ್ಷೇಪವನ್ನು ಮತ್ತೆ ಬರೆಯಿರಿ. ದಂಡನೆ ಕೊಡುವ ಮೊದಲು ವಿಚಾರಣಾ ವರದಿಯ ಪ್ರತಿಯನ್ನು ನಿಮಗೆ ಕೊಡಲೇಬೇಕು. 1993ರ ಬಿ. ಕರುಣಾಕರ್ ತೀರ್ಪು ಅದನ್ನು ಖಚಿತಪಡಿಸಿದೆ. ವರದಿಗೆ ಕೊಡುವ ಉತ್ತರದಲ್ಲಿ ಇದನ್ನೇ ಮೊದಲ ಅಂಶವಾಗಿಡಿ. ಆಮೇಲೆ ಇಲಾಖೆಯೊಳಗಿನ ಮೇಲ್ಮನವಿ, ಅದೂ ಫಲಿಸದಿದ್ದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ಅಂತಿಮ ಆದೇಶದಿಂದ ಒಂದು ವರ್ಷದೊಳಗೆ ಅಲ್ಲಿ ಅರ್ಜಿ ಸಲ್ಲಿಸಬೇಕು. ವಿಚಾರಣೆ ನಡುವೆಯೇ ನ್ಯಾಯಮಂಡಳಿಗೆ ಓಡುವುದನ್ನು ನಾನು ಸಲಹೆ ಮಾಡುವುದಿಲ್ಲ. ಅಂತಿಮ ಆದೇಶ ಬರುವ ಮೊದಲು ಅವರು ಸಾಮಾನ್ಯವಾಗಿ ಕೈ ಹಾಕುವುದಿಲ್ಲ.

ಒಂದು ಮಾತು ಈಗಲೇ ತಿಳಿದಿರಲಿ. ಪಾಟಿ ಸವಾಲು ಸಿಗಲಿಲ್ಲ ಎಂಬ ಕಾರಣಕ್ಕೆ ನೀವು ನ್ಯಾಯಮಂಡಳಿಯಲ್ಲಿ ಗೆದ್ದರೂ, ಬಹಳಷ್ಟು ಸಲ ಪ್ರಕರಣ ಅಲ್ಲಿಗೇ ಮುಗಿಯುವುದಿಲ್ಲ. ಲೋಪವಾದ ಹಂತದಿಂದ ವಿಚಾರಣೆಯನ್ನು ಮತ್ತೆ ನಡೆಸಿ ಎಂದು ವಾಪಸ್ ಕಳಿಸುತ್ತಾರೆ. ಅಷ್ಟು ಹೊತ್ತಿಗೆ ವರ್ಷಗಳು ಕಳೆದಿರುತ್ತವೆ, ಸಾಕ್ಷಿಗೂ ನಿಮಗೂ ದಿನಾಂಕಗಳು ಮರೆತಿರುತ್ತವೆ, ಬಡ್ತಿ ನಿಂತಿರುತ್ತದೆ. ಆದ್ದರಿಂದ ಮುಂದೆಲ್ಲೋ ಗೆಲ್ಲುವ ಲೆಕ್ಕ ಹಾಕದೆ, ಈ ವಿಚಾರಣೆಯಲ್ಲೇ ಆ ಸಾಕ್ಷಿಯನ್ನು ಪ್ರಶ್ನಿಸುವ ಪ್ರಯತ್ನ ಮಾಡಿ. ಹೇಳಿಕೆಗಳ ಪ್ರತಿ ಕೈಗೆ ಬಂದ ಮೇಲೆ, ಅವುಗಳಲ್ಲಿನ ದಿನಾಂಕಗಳನ್ನು ಹಾಜರಿ ಪುಸ್ತಕದ ದಿನಾಂಕಗಳ ಜೊತೆ ಹೋಲಿಸಿ ನೋಡಿ. ಏನಾದರೂ ವ್ಯತ್ಯಾಸ ಕಂಡರೆ ನನಗೆ ಬರೆಯಿರಿ.